ಒಂದು ಹಿಡಿ ಹಳೆಯ ಹತ್ತಿ

ಹರಿಹರದ ಬಾಡಿಗೆ ಕೋಣೆಯೊಂದರಲ್ಲಿ ನಾನು ಪ್ರತಿ ಭಾನುವಾರ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಭಾಷೆ ಕೈಗೆ ಬಂದರೆ ಕೀಳರಿಮೆ ತಾನಾಗಿಯೇ ಕಳಚುತ್ತದೆ ಎಂಬುದು ನನ್ನ ನಂಬಿಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹಾಗೆಂದು ವಾದಿಸಿ ಗೆದ್ದಿದ್ದೆ. ದಾವಣಗೆರೆಯ ವಿದ್ಯಾನಗರದಿಂದ ಬಸ್ಸು ಹತ್ತುವಾಗಲೆಲ್ಲ ಆ ಗೆಲುವೂ ಜೊತೆಗೇ ಹತ್ತುತ್ತಿತ್ತು.

ತರಗತಿಯ ಹುಡುಗಿಯೊಬ್ಬಳಿಗೆ ನರ್ಸಿಂಗ್ ಸೇರುವ ಆಸೆ. ಸಂದರ್ಶನ ಹತ್ತಿರವಾಗುತ್ತಿತ್ತು, ಪರಿಚಯ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ತಂದೆಯ ಕಸುಬಿನ ಸರದಿ ಬಂದಾಗ 'ಬಿಸಿನೆಸ್' ಎಂದು ತಲೆ ತಗ್ಗಿಸುತ್ತಿದ್ದಳು. ಅವರು ಹತ್ತಿ ಹಿಂಜಿ ಗಾದಿ ಹೊಲಿಯುವವರೆಂದು ನನಗೆ ಗೊತ್ತಿತ್ತು.

ಅವಳ ಸಂಕೋಚ ಬಿಡಿಸಲೆಂದು ಬೋರ್ಡಿನ ಮೇಲೆ 'ಮ್ಯಾಟ್ರೆಸ್' ಎಂದು ಬರೆದೆ. ಇಂಗ್ಲಿಷಿಗೆ ಅದು ಬಂದದ್ದು ಹಳೆಯ ಫ್ರೆಂಚಿನಿಂದ, ಅದಕ್ಕೂ ಹಿಂದೆ ಇಟಲಿಯವರಿಂದ, ಅವರಿಗೆ ಅರಬ್ಬಿಯ 'ಮತ್ರಹ್'ನಿಂದ. ನೆಲಕ್ಕೆ ಮೆತ್ತೆ ಎಸೆದು ಒರಗುತ್ತಿದ್ದವರ ಮಾತು ಅದು, ಎಸೆದ ಜಾಗ ಎಂದರ್ಥ. "ಇಷ್ಟು ದೂರ ನಡೆದು ಬಂದ ಮಾತನ್ನು ಇವಳ ತಂದೆ ದಿನವೂ ಹೊಲಿಯುತ್ತಾರೆ" ಎಂದು ಎಲ್ಲರೆದುರು ಅವಳತ್ತ ಕೈ ತೋರಿದೆ.

ಹಿಂದಿನ ಸಾಲಿನಿಂದ ಒಬ್ಬಳು, "ನಮ್ಮನಿ ಗಾದಿನೂ ಹರದೈತ್ರಿ ಸರ್, ಅರಬಸ್ತಾನಕ್ಕೆ ಕಳ್ಸಾನೇನು?" ಎಂದಳು. ತರಗತಿ ನಕ್ಕಿತು. ಗಾದಿಯವರ ಮಗಳು ಮುಂದಿನ ಎರಡು ಭಾನುವಾರ ಬರಲಿಲ್ಲ.

ಮೂರನೆಯ ವಾರ ಮನೆ ಹುಡುಕಿಕೊಂಡು ಹೋದೆ. ಅವಳ ತಂದೆ ಹಳೆಯ ಗಾದಿಯೊಂದನ್ನು ಬಿಚ್ಚಿ ಕೂತಿದ್ದರು.

"ಬರ್ರಿ ಸರ್, ಕೂಡ್ರಿ. ಹತ್ತಿ ಮ್ಯಾಲೆ ಬ್ಯಾಡ, ಏಳೋವಾಗ ಕುರಿ ಆಗಿರ್ತೀರಿ."

ಬಾಗಿಲ ಬಳಿ ನಿಂತಿದ್ದ ಅವಳಿಗೆ ಹೇಳಿದೆ: "ನಿನ್ನನ್ನು ಕೇಳದೆ ನಿನ್ನ ಮನೆಯನ್ನು ಬೋರ್ಡಿಗೆ ಎಳೆದೆ. ತಪ್ಪಾಯಿತಮ್ಮ." ಅವಳು ಅಪ್ಪನ ಕೆಲಸದತ್ತ ನೋಡಿದಳು.

ತಂದೆ ಹೊಸ ಬಟ್ಟೆಗೆ ಹೊಸ ಹತ್ತಿ ತುಂಬುತ್ತಿದ್ದರು. ಬಾಯಿ ಹೊಲಿಯುವ ಮೊದಲು ಹಳೆಯ ರಾಶಿಯಿಂದ ಒಂದು ಹಿಡಿ ಹತ್ತಿ ತೆಗೆದು, ಬಿಡಿಸಿ, ಒಳಗಿಟ್ಟರು.

"ಅದು ಯಾಕೆ?" ಎಂದೆ.

"ಗಾದಿ ಕೊಟ್ಟ ಮನಿ ಅಜ್ಜಿ ಇದ್ರ ಮ್ಯಾಲೇ ಮಲಗ್ತಿದ್ದಳಂತ್ರಿ. ಪೂರಾ ಹೊಸದು ಕೊಟ್ರೆ ಅವರಿಗೆ ನಿದ್ದಿ ಹೆಂಗೆ ಬರ್ಬೇಕು? ನಮ್ಮಪ್ಪನೂ ಹಿಂಗೇ ಇಡ್ತಿದ್ದ."

"ಸರ್, ಇದಕ್ಕೆ ಇಂಗ್ಲಿಷ್‌ನಾಗ ಏನಂತಾರೆ?" ಅವಳು ಮೊದಲ ಬಾರಿಗೆ ಬಾಯಿಬಿಟ್ಟಳು.

"ಗೊತ್ತಿಲ್ಲಮ್ಮ" ಎಂದೆ. ಅವಳು ನಕ್ಕಳು.

ಮುಂದಿನ ಭಾನುವಾರ ಅವಳು ಎದ್ದು ನಿಂತು, ತನ್ನ ತಂದೆ ಗಾದಿ ಮಾಡುತ್ತಾರೆಂದೂ, ಪ್ರತಿ ಹೊಸ ಗಾದಿಯೊಳಗೆ ಹಳೆಯದರ ಒಂದು ಹಿಡಿ ಇಡುತ್ತಾರೆಂದೂ ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದಳು.

ಹಿಂದಿನ ಸಾಲಿನವಳು ಈ ಸಲ ನಗಲಿಲ್ಲ. "ಹೌದೇನೇ?" ಎಂದಳಷ್ಟೆ.