ಮಗುಚಿಟ್ಟ ಫೋಟೊ

ತೊಂಬತ್ತರ ದಶಕದಲ್ಲಿ ನಮ್ಮ ಹೊಳಲ್ಕೆರೆ ಸೀಮೆಯ ಅರ್ಧ ಮದುವೆಗಳು ಒಂದು ಖಾಕಿ ಚೀಲದೊಳಗಿದ್ದವು. ಚೀಲದ ಯಜಮಾನರು ಸಂಬಂಧ ಕುದುರಿಸುವ ಒಬ್ಬ ಹಿರಿಯರು. ನೆಂಟರಲ್ಲದಿದ್ದರೂ ನಾವು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ರಾಮಗಿರಿ, ಭರಮಸಾಗರ, ಅತ್ತ ಹಿರಿಯೂರು ಕಡೆಯ ಹರಿಯಬ್ಬೆಯವರೆಗೂ ಬಸ್ಸಿನಲ್ಲಿ ಓಡಾಡುತ್ತಿದ್ದರು. ಯಾವ ಮನೆಗೆ ಎಂಥ ಹುಡುಗಿ ಹೊಂದುತ್ತಾಳೆ ಎಂಬುದು ಆ ಮನೆಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು ಎಂದು ಜನ ಹೇಳುತ್ತಿದ್ದರು.

ಅವರದೊಂದು ನೇಮವಿತ್ತು. ಜಗಲಿಯ ಮೇಲೆ ಫೋಟೊಗಳನ್ನು ಒಂದೊಂದಾಗಿ ಇಡುವಾಗ ಮನೆಯವರು ಯಾವುದನ್ನಾದರೂ ಬೇಡ ಎಂದರೆ ಕೂಡಲೇ ಅದನ್ನು ಮಗುಚಿ ಚೀಲದ ತಳಕ್ಕೆ ಸೇರಿಸುವರು. ಆ ಮನೆಯಲ್ಲಿ ಆ ಫೋಟೊ ಮತ್ತೆ ಹೊರಗೆ ಬರುತ್ತಿರಲಿಲ್ಲ. "ಬ್ಯಾಡ ಅಂದಿದ್ದನ್ನ ಎರಡ್ನೇ ಸಲ ತೋರ್ಸಿದ್ರೆ ನಂಗೇನೂ ಆಗಲ್ಲ ಕಣವ್ವ, ಆ ಹುಡುಗಿ ಸದರ ಆಗ್ತಾಳೆ," ಎಂದು ಅಮ್ಮನ ಹತ್ತಿರ ಒಮ್ಮೆ ಅಂದಿದ್ದರು. ಯಾವ ಮನೆ ಯಾರನ್ನು ಬೇಡ ಎಂದಿದೆ ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಹುಡುಗಿಯ ತಂದೆಗೂ ಮನೆಯ ಹೆಸರು ಹೇಳುತ್ತಿರಲಿಲ್ಲ, ಊರೂರಿಗೆ ಮನಸ್ತಾಪ ಬೇಡ ಎಂದು.

ನನ್ನ ಫೋಟೊ ದುರ್ಗದ ಸ್ಟುಡಿಯೊದಲ್ಲಿ ತೆಗೆಸಿದ್ದು. ಗಾರೆಯ ಕಂಬಕ್ಕೆ ಒರಗಿ, ಪ್ಲಾಸ್ಟಿಕ್ ಗುಲಾಬಿ ಹಿಡಿದು, ನಗಲೋ ಬೇಡವೋ ಎಂದು ನಿಂತಿದ್ದೆ. ದೊಡ್ಡ ಪ್ರತಿಗೆ ಕಟ್ಟು ಹಾಕಿಸಿ ಅಪ್ಪ ನಡುಮನೆಯ ಗೋಡೆಗೆ ತೂಗುಹಾಕಿದರು, ಸಣ್ಣದು ಚೀಲಕ್ಕೆ ಹೋಯಿತು. ದೊಡ್ಡಪ್ಪ ಬಂದಾಗಲೆಲ್ಲ ಇಬ್ಬರೂ ಬೇವಿನ ಮರದ ಕೆಳಗೆ ಮೆಲ್ಲಗೆ ಮಾತಾಡುವರು. ಒಳಗೆ ಬಂದ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: "ಜಾತಕ ಕೂಡ್ಲಿಲ್ಲಂತೆ ಕಣವ್ವ."

ನಾನು ನಂಬಿದೆ. ಬಿ.ಎ. ಓದಿದ ಜಾಣೆ, ಪ್ರತಿ ಸಲವೂ ನಂಬಿದೆ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿ, ಕೈಮುಗಿದು, ಮನಸ್ಸಿನೊಳಗೇ ಆ ಶನಿಮಹಾತ್ಮನಿಗೆ ಹಿಡಿಶಾಪ ಹಾಕಿ ಬರುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ದೊಡ್ಡಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತು. ಚೀಲ ಮಗನ ಕೈಗೆ ಬಂತು. ಮಗ ಚುರುಕು, ಮೊಪೆಡ್ ಬೇರೆ ಇತ್ತು. ತಳದಲ್ಲಿ ಮಗುಚಿ ಬಿದ್ದಿದ್ದ ಫೋಟೊಗಳನ್ನೆಲ್ಲ ಒರೆಸಿ ನೆಟ್ಟಗೆ ಜೋಡಿಸಿದ. ಮಾಸಿದವುಗಳ ಬದಲಿಗೆ ಹೊಸದು ಕೇಳಿ ಪಡೆದ. ನಾನೂ ನೀಲಿ ಸೀರೆ ಉಟ್ಟು ಹೊಸದು ತೆಗೆಸಿದೆ. ಸ್ಟುಡಿಯೊದವನು ಅದೆಷ್ಟು ದೀಪ ಹಚ್ಚಿದನೋ, ನನ್ನ ಗುರುತು ನನಗೇ ಸಿಗದಷ್ಟು ಬೆಳ್ಳಗೆ ಬಂದಿದ್ದೆ. ಒಳಗೊಳಗೇ ಖುಷಿಯೂ ಆಗಿತ್ತು.

ಆ ಫೋಟೊ ನೋಡಿ ಭರಮಸಾಗರದಿಂದ ಹುಡುಗ, ಅವನ ತಾಯಿ, ಸೋದರಮಾವ ಬಂದರು. "ಬರ್ರಿ, ಬರ್ರಿ, ಕುಂತ್ಕಳ್ರಿ," ಎಂದು ಅಪ್ಪ ಹೊಸ ಚಾಪೆ ಹಾಸಿದರು. ನಾನು ಉಪ್ಪಿಟ್ಟು ತಂದಿಟ್ಟೆ. ಆ ತಾಯಿ ಒಳ್ಳೆಯ ಹೆಂಗಸು, ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಆಮೇಲೆ ತಲೆಯೆತ್ತಿ ಗೋಡೆ ನೋಡಿದರು.

"ಈ ಕಂಬದ ಫೋಟೊದಾಗಿರೋಳು ನೀನೇನವ್ವಾ? ಇದು ನಮ್ಮನೆಗೆ ಬಂದಿತ್ತಲ್ಲ! ಬಣ್ಣ ಕಮ್ಮಿ ಐತೆ ಅಂತ ನಾನೇ ಬ್ಯಾಡ ಅಂದಿದ್ದೆ!"

ಕುಹಕವೇನೂ ಇರಲಿಲ್ಲ. ಕಳೆದುಹೋದ ಚೊಂಬು ಸಿಕ್ಕವರ ಹಾಗೆ ಬೆರಗಿನಿಂದ ಅಂದರು. ಅಪ್ಪ ತಡವರಿಸಿದರು. "ಇಲ್ರಿ ಅಕ್ಕಾರೆ, ಅವಾಗ ಜಾತಕ ಕೂಡಿರ್ಲಿಲ್ಲ, ಅಷ್ಟೇಯ."

"ಜಾತಕನಾ? ನಮ್ಮನೇಲಿ ಜಾತಕ ನೋಡೋ ಪದ್ಧತಿನೇ ಇಲ್ವಲ್ಲಣ್ಣ," ಎಂದವರು ನಾಲಿಗೆ ಕಚ್ಚಿಕೊಂಡರು.

ಹುಡುಗ ಉಪ್ಪಿಟ್ಟಿನಲ್ಲಿ ಸಾಸಿವೆ ಹುಡುಕತೊಡಗಿದ. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಕೂಡದ ಜಾತಕಗಳೆಲ್ಲ ಏನೆಂದು ನನಗೆ ಆಗ ತಿಳಿಯಿತು. ಕಪ್ಪಗಿದ್ದೇನೆ ಎಂಬುದಕ್ಕೆ ನಾಚಿಕೆಯಾಗಲಿಲ್ಲ, ಅದು ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ. ಮುಂಬಾಗಿಲಲ್ಲಿ ಬೇಡವೆನಿಸಿಕೊಂಡವಳು ಪೌಡರು ಮೆತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ನುಗ್ಗಿದಂತಾಯಿತಲ್ಲ, ಅದಕ್ಕೆ ಸತ್ತುಹೋಗುವಷ್ಟು ನಾಚಿಕೆಯಾಯಿತು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಒಂದು ವಾರಕ್ಕೆ ಮೊಪೆಡ್ ಅಂಗಳದಲ್ಲಿ ನಿಂತಿತು. "ಒಪ್ಪಿದಾರೆ! ಎದುರಿಗೆ ನೋಡಿದ್ರೆ ಅಷ್ಟೇನ್ ಕಪ್ಪಿಲ್ಲ ಅಂದ್ರು," ಎಂದ ಮಗರಾಯ, ದೊಡ್ಡ ಶುಭಸಮಾಚಾರ ತಂದವನ ಹಾಗೆ. ಅಪ್ಪನ ಮುಖ ಅರಳಿತು. ಅಮ್ಮ ಆಗಲೇ ಸಕ್ಕರೆ ಡಬ್ಬಿ ತೆಗೆದಿದ್ದಳು.

"ನಂಗೆ ಬ್ಯಾಡ. ಆ ಮನೆ ಸುದ್ದಿ ಇಲ್ಲಿಗೆ ಮತ್ತೆ ತರಬ್ಯಾಡ," ಎಂದೆ.

ಅವನು ತಲೆ ಕೆರೆದುಕೊಂಡ. "ಅಲ್ಲಕ್ಕ, ಅವ್ರಿಗೆ ಏನಂತ ಹೇಳ್ಲಿ?"

"ಜಾತಕ ಕೂಡ್ಲಿಲ್ಲ ಅನ್ನು."

ಭರಮಸಾಗರದವರಿಗೆ ನಾಟಲಿ ಎಂದು ಆಡಿದ ಮಾತು. ಅಷ್ಟು ವರ್ಷ ಬೇವಿನ ಮರದ ಕೆಳಗೆ ನಿಂತು 'ಕಪ್ಪು' ಎಂಬುದನ್ನೆಲ್ಲ ತಾವೊಬ್ಬರೇ ಕೇಳಿಸಿಕೊಂಡು, ನನಗೆ ಬರೀ ಜಾತಕವನ್ನಷ್ಟೇ ತಂದುಕೊಟ್ಟವರು ಎದುರಿಗೇ ಕೂತಿದ್ದಾರೆ ಎಂಬುದು ಆಡಿದ ಮೇಲೆ ಹೊಳೆಯಿತು. ಅಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನನ್ನತ್ತ ನೋಡದೆ, "ಹಂಗೇ ಹೇಳಪ್ಪ," ಎಂದರು.