ನಾಲ್ಕನೇ ಜ್ವರದ ದಿನ ಬಾರದ ಪದ

ಮೊಮ್ಮಗಳ ಮದುವೆಯ ಒಪ್ಪಂದದ ಶಾಸ್ತ್ರಕ್ಕೆ ಯಳಂದೂರಿನಿಂದ ಬೀಗರು ಬಂದು ಕೂತಿದ್ದಾಗ ನನ್ನ ಸೊಸೆ ನಡುವೆಯೇ ಎದ್ದು ಹೋದಳು. ಹುಡುಗಿಯ ತಾಯಿ ಅವಳೇ. ಆದರೆ ಹಿತ್ತಲಿನ ಹುಳುಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ಮುಳ್ಳೂರಿನ ಕಡೆ ಹುಳು ಸಾಕುವ ನಮ್ಮಂಥ ಮನೆಗಳಲ್ಲಿ ಇದಕ್ಕೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ನೆಂಟರು ಕಾಯುತ್ತಾರೆ, ಹುಳು ಕಾಯುವುದಿಲ್ಲ. ಯಳಂದೂರಿನವರು ಕಬ್ಬು ಬೆಳೆಯುವವರು. ಕಬ್ಬಿಗೆ ಹಸಿವಾಯಿತೆಂದು ಯಾರೂ ಶಾಸ್ತ್ರ ಬಿಟ್ಟು ಓಡಬೇಕಾಗಿಲ್ಲ.

ಗಂಡಿನ ಅಜ್ಜಿ ಎಲೆ ಅಡಿಕೆ ಪಕ್ಕಕ್ಕಿಟ್ಟು ಗಂಟಲು ಸರಿಮಾಡಿಕೊಂಡರು. ನಮ್ಮಲ್ಲಿ ಬೀಗರು ಒಬ್ಬರನ್ನೊಬ್ಬರು ಪದ ಕಟ್ಟಿ ಆಡಿಕೊಳ್ಳುತ್ತಾರೆ. ಕೇಳಿದವರು ನಗಬೇಕು, ಆಮೇಲೆ ಉತ್ತರ ಕೊಡಬೇಕು. ಅವರು ಕೂತಲ್ಲೇ ಕಟ್ಟಿಬಿಟ್ಟರು:

"ಉಳುವೀಗೆ ಸೊಪ್ಪಿಕ್ಕಿ ಮೈ ನೀವಿ ಸಾಕ್ತಾರೆ
ಬೀಗಾರು ಬಂದರೆ ತಿರುಗಿ ನೋಡೋರಿಲ್ಲ
ಉಳುವಾಗಿ ಬರಬೇಕಿತ್ತು ನಾವು!"

ಮನೆಯೆಲ್ಲ ನಕ್ಕಿತು. ನಾನೂ ನಕ್ಕು, ನನಗೆ ಗೊತ್ತಿದ್ದ ಒಂದು ಹಳೆಯ ಪದ ಎತ್ತಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಆ ಬೀಗಿತ್ತಿಯೇ ಮೂರನೆಯದನ್ನು ಹಾಡಿ ಮುಗಿಸಿ, "ಇದು ನಮ್ಮವ್ವ ಏಳ್ತಿದ್ದುದ್ದು ಕನವ್ವ. ವಸದು ಇಲ್ವಾ?" ಎಂದರು. ನನಗೆ ಗೊತ್ತಿದ್ದವೆಲ್ಲ ಹಳೆಯವೇ. ಸೊಪ್ಪು ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದ ಸೊಸೆ ತಲೆ ತಗ್ಗಿಸಿದಳು.

ಅವರು ಬಸ್ಸು ಹತ್ತಿದ ಮೇಲೆ ಮೊಮ್ಮಗಳು ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ಮದ್ವೆ ದಿನ ಅವ್ರು ಇದ್ನೇ ಇನ್ನೊಂದ್ ಕಿತ ಏಳ್ತಾರೆ. ಅವ್ವ ಆವತ್ತೂ ತಲೆ ಬಗ್ಗುಸ್ಕಂಡು ನಿಂತ್ಕಬೇಕಾ?"

"ನಾನಿಲ್ವಾ? ವಸಾ ಪದ ಕಟ್ತೀನಿ."

"ಯಾವಾಗ ಕಟ್ಟೀಯೆ? ಉಳ ಬುಡ್ತವಾ ನಿನ್ನ?"

ಅದು ಸರಿಯಾದ ಪ್ರಶ್ನೆಯೇ. ಮದುವೆ ಇದ್ದದ್ದು ಗೂಡು ಬಿಡಿಸಿದ ಮೇಲಿನ ವಾರ. ಅಲ್ಲಿಯವರೆಗೂ ಮಗ ತೋಟದಿಂದ ಸೊಪ್ಪು ತರುವುದು, ನಾನು ಮತ್ತು ಸೊಸೆ ಹಾಕುವುದು, ಹಿಕ್ಕೆ ತೆಗೆಯುವುದು, ಅಷ್ಟರಲ್ಲಿ ಮತ್ತೆ ಸೊಪ್ಪಿನ ಹೊತ್ತು. ನನಗೆ ಕಂಡ ಬಿಡುವು ಒಂದೇ, ಜ್ವರದ ದಿನ. ಹುಳು ಬೆಳೆಯುತ್ತಾ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದ ಹುಳುವಿಗೆ ಸೊಪ್ಪು ಹಾಕುವಂತಿಲ್ಲ. ಹುಳು ಮಲಗಿದರೆ ಮನೆಯವರು ಕಾಲು ಚಾಚಬಹುದು. ನಾಲ್ಕನೇ ಜ್ವರ ಎಲ್ಲಕ್ಕಿಂತ ದೊಡ್ಡದು, ಬಿಡುವೂ ದೊಡ್ಡದು. ಪದವನ್ನೆಲ್ಲ ಆ ದಿನಕ್ಕೆಂದು ತೆಗೆದಿಟ್ಟೆ. ನಡುವೆ ಯಾವುದಾದರೂ ಸಾಲು ತಲೆಯೊಳಗೆ ಇಣುಕಿದರೆ, "ಈಗ ಓಗು, ಜ್ವರುದ್ ದಿನ ಬಾ" ಎಂದು ಅಟ್ಟಿಬಿಡುತ್ತಿದ್ದೆ.

ಆ ದಿನ ಬಂತು. ತಲೆಗೆ ನೀರು ಹಾಕಿಕೊಂಡು, ಕಾಫಿ ಕುಡಿದು, ಜಗಲಿಯಲ್ಲಿ ಚಾಪೆ ಹಾಸಿ, ಮೊಮ್ಮಗಳು ಕಲಿಸಿದಂತೆ ಫೋನಿನಲ್ಲಿ ಬರೆಯಲು ಒಂದು ಬೆರಳು ಸಿದ್ಧ ಮಾಡಿಕೊಂಡು ಕೂತೆ. 'ಯಳಂದೂರ' ಎಂದು ಒತ್ತಿದೆ. ಮುಂದೆ ಏನೂ ಬರಲಿಲ್ಲ. ಒಳಗೆ ಹುಳುಗಳು ಕೂತಿದ್ದವು, ಹೊರಗೆ ನಾನು ಕೂತಿದ್ದೆ, ಎರಡೂ ಕಡೆ ಸದ್ದಿಲ್ಲ. ಮಧ್ಯಾಹ್ನ ಸೊಸೆ ಇಣುಕಿದಳು.

"ಏನತ್ತೆ, ನಿಮ್ಗೂ ಜ್ವರವಾ?"

"ಸುಮ್ನೆ ಓಗು, ಪದ ಬತ್ತಾ ಅದೆ."

"ಯಾವ ಬಸ್ಸಲ್ಲಿ?"

ಸಂಜೆಯಾದರೂ ಅದು ಬರಲಿಲ್ಲ. ನನಗೆ ಅಳುವಿಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಬೇಡವೆಂದಾಗ ಬಾಗಿಲು ತಟ್ಟುತ್ತಿದ್ದ ಸಾಲುಗಳು, ಚಾಪೆ ಹಾಸಿ ಕರೆದಾಗ ಎಲ್ಲಿಗೆ ಹೋದವು?

ಮಾರನೆಯ ದಿನ ಹುಳು ಎದ್ದವು. ಜ್ವರ ಬಿಟ್ಟ ಹುಳುವಿನ ಹಸಿವು ಕೇಳಬೇಡಿ. ತಟ್ಟೆಗಳಿಗೆ ಸೊಪ್ಪು ಹಾಕಲು ಹೋದೆ. ಸ್ಟ್ಯಾಂಡಿನಿಂದ ಬಿದಿರಿನ ತಟ್ಟೆ ಎಳೆ, ಸೊಪ್ಪು ಹರಡು, ಒಳಕ್ಕೆ ತಳ್ಳು. ಎಳೆ, ಹರಡು, ತಳ್ಳು. ಇದ್ದಕ್ಕಿದ್ದಂತೆ, ಎಳೆಯುವಾಗ ಒಂದು ಸಾಲು, ಹರಡುವಾಗ ಒಂದು, ತಳ್ಳುವಾಗ ಒಂದು:

"ಯಳಂದೂರ ಬೀಗಾರು ಬೆಲ್ಲಾದ ಮಾತೋರು
ಬೆಲ್ಲ ಮಾತಲ್ಲೈತೆ ಬುತ್ತೀಲಿ ಇಲ್ಲವ್ವ
ನೊಣ ಬಂದು ಹುಡುಕಿ ಓದಾವು!"

ನಾನೇ ಜೋರಾಗಿ ನಕ್ಕೆ. ನಮ್ಮ ಪದಕ್ಕೆ ಮೂರು ಸಾಲು, ತಟ್ಟೆಗೂ ಮೂರು ಕೆಲಸ. ಇಷ್ಟು ವರ್ಷ ಹುಳು ಸಾಕಿದರೂ ಇದು ನನಗೆ ಕಂಡಿರಲಿಲ್ಲ. ಹಾಗಾದರೆ ಕೈ ಖಾಲಿಯಾದ ದಿನ ಪದ ಯಾವುದರ ಮೇಲೆ ಕೂರಬೇಕಿತ್ತು?

ಬಂದದ್ದನ್ನು ಹಿಡಿದಿಟ್ಟುಕೊಳ್ಳುವುದು ಇನ್ನೊಂದು ಕಷ್ಟ. ಕೈಯೆಲ್ಲ ಸೊಪ್ಪಿನ ಹಾಲು, ಫೋನು ಮುಟ್ಟುವಂತಿಲ್ಲ. ರೆಕಾರ್ಡ್ ಆಗಲೆಂದು ಅದನ್ನು ಮೂಲೆಯಲ್ಲಿಟ್ಟು ಹಾಡಿದೆ. ಆಮೇಲೆ ಕೇಳಿದ ಮೊಮ್ಮಗಳು, "ಮಳೇಲಿ ನೆನ್ಕಂಡು ಆಡಿದ್ದೀಯಾ ಅಜ್ಜಿ?" ಎಂದಳು. ಅಷ್ಟೂ ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಅದು. ನನ್ನ ದನಿ ಅದರಡಿ ಮುಳುಗಿಹೋಗಿತ್ತು.

ಆಗ ನಾನು ಪದಗಳನ್ನು ತಟ್ಟೆಗಳಿಗೇ ಕಟ್ಟಿದೆ. ಮೇಲಿನ ತಟ್ಟೆಗೆ ನೊಣದ ಪದ, ಅದರ ಕೆಳಗಿನದಕ್ಕೆ ಬೀಗಿತ್ತಿಯ ಎಲೆ ಅಡಿಕೆ ಚೀಲದ್ದು, ಇನ್ನೂ ಕೆಳಗೆ, ಅಂಚು ಮುರಿದ ತಟ್ಟೆಗೆ, ಗಂಡಿನ ಸೋದರಮಾವನ ಮೀಸೆಯ ಪದ. ಪ್ರತಿ ಸಲ ಸೊಪ್ಪು ಹಾಕುವಾಗ ಆಯಾ ತಟ್ಟೆಯ ಪದವನ್ನು ಹಾಡುವುದು, ಎಲ್ಲಾದರೂ ಕುಂಟಿದರೆ ಅಲ್ಲೇ ತಿದ್ದುವುದು. ಪದಕ್ಕೆಂದು ಬೇರೆ ಹೊತ್ತೇ ಬೇಕಾಗಲಿಲ್ಲ. ಹುಳು ದಪ್ಪವಾದಂತೆ ಪದವೂ ಮೈ ತುಂಬಿಕೊಂಡಿತು.

ಒಂದು ಬೆಳಿಗ್ಗೆ ಹೋಗಿ ಮೇಲಿನ ತಟ್ಟೆ ಎಳೆದು ನೊಣದ ಪದ ಎತ್ತಿದರೆ ಏನೋ ಸರಿಯಿಲ್ಲ. ಈ ತಟ್ಟೆಯ ಅಂಚು ಮುರಿದಿದೆ. ಅಂಚು ಮುರಿದದ್ದು ಮೀಸೆಯದು!

"ಏನವ್ವ, ತಟ್ಟೆ ಕದಲ್ಸಿದ್ದೀಯಾ?"

"ಊ ಕನತ್ತೆ. ಕೆಳಗಡೆ ತಣ್ಣಗಿತ್ತು, ಆ ಉಳ ಹಿಂದ್ ಬಿದ್ದಿದ್ದೊ. ಮ್ಯಾಕೆ ಇಟ್ಟೆ."

ಅವಳದು ಸರಿ. ಎಲ್ಲ ಹುಳುವಿಗೂ ಶಾಖ ಒಂದೇ ಸಮ ಸಿಗಲೆಂದು ಹಾಗೆ ಕದಲಿಸುತ್ತಲೇ ಇರಬೇಕು. ನಾನೂ ಸೊಸೆಯಾಗಿದ್ದಾಗ ಅದನ್ನೇ ಮಾಡಿದವಳು. ಪದದ ಸಡಗರದಲ್ಲಿ ಅದೇ ಮರೆತಿತ್ತು. "ನನ್ನ ಪದವೆಲ್ಲ ಕಲಸ್ಬುಟ್ಯಲ್ಲವ್ವ!" ಎಂದು ಕೂಗಾಡಿದೆ. ಅವಳು ಸೊಪ್ಪಿನ ಬುಟ್ಟಿ ಕೆಳಗಿಟ್ಟು, "ಕೂಗ್ಬೇಡಿ. ಯಾವ್ದು ಎಲ್ಲದೆ ಅಂತ ನಾ ಏಳ್ತೀನಿ" ಎಂದು ಒಂದೊಂದೇ ತಟ್ಟೆ ಎಳೆದು ಪದ ಹೇಳತೊಡಗಿದಳು. ಒಂದೂ ತಪ್ಪಲಿಲ್ಲ. ಪಕ್ಕದ ಸಾಲಿಗೆ ಸೊಪ್ಪು ಹಾಕುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳ ಬಾಯಲ್ಲಿ ಒಂದು ಸಾಲು ಹಾಡು ಕೇಳಿರಲಿಲ್ಲ ನಾನು. ಅವಳು ಕದಲಿಸಿದ ವರಸೆಯಲ್ಲಿ ಮೀಸೆ ಮೊದಲು ಬಂದು ನೊಣ ಕೊನೆಗೆ ಬಂತು. ಹಾಗೇ ಚೆನ್ನಾಗಿತ್ತು.

ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಮುಂದೆ ಅವಳು ನಿಂತಳು.

"ಇದುಕ್ಕೆ ಪದವೇ ಇಲ್ವಲ್ಲತ್ತೆ."

"ನಂಗೆ ಸಿಕ್ನಿಲ್ಲ. ಅವ್ರು ಉಳ ಅಂದ್ರಲ್ಲ, ಅದುಕ್ಕೆ ಉತ್ರ ಬೇಕು."

ಅವಳು ಸೊಪ್ಪು ಹರಡಿ ತಟ್ಟೆ ತಳ್ಳಿದಳು. ಆಮೇಲೆ ಹುಳು ಮೇವು ಬಿಟ್ಟು ಹಣ್ಣಾದವು. ಗೂಡು ಕಟ್ಟಲು ಅವನ್ನು ಚಂದ್ರಿಕೆಗೆ ಬಿಟ್ಟು, ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟೆವು. ಕೆಳಗಿನ ತಟ್ಟೆ ಪದವಿಲ್ಲದೆ ಖಾಲಿಯಾಗಿಯೇ ಉಳಿಯಿತು.

ಮದುವೆ ಕೊಳ್ಳೇಗಾಲದ ಒಂದು ಛತ್ರದಲ್ಲಿ. ಮೊಮ್ಮಗಳು ಹೇಳಿದಂತೆಯೇ, ಧಾರೆ ಮುಗಿದದ್ದೇ ತಡ ಬೀಗಿತ್ತಿ ಹುಳುವಿನ ಪದ ಎತ್ತಿದರು. ನಾನು ಶುರುಮಾಡಿದೆ. ಕೈಯಲ್ಲಿ ತಟ್ಟೆಯಿಲ್ಲದಿದ್ದರೂ ಎಳೆದು, ಹರಡಿ, ತಳ್ಳುತ್ತಾ ಹಾಡಿದೆ. ಮೀಸೆಗೆ ಗಂಡಿನ ಕಡೆಯವರೇ ನಕ್ಕರು. ನೊಣಕ್ಕೆ ಬೀಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಸರಿ, ಉಳುವಿಗೆ ಏನಂದೀಯೆ?" ಎಂದರು. ನನ್ನ ಕೈ ಕೆಳಗಿನ ತಟ್ಟೆಗೆ ಬಂದು ನಿಂತಿತು. ಅಲ್ಲಿ ಏನೂ ಇರಲಿಲ್ಲ.

ಹಿಂದಿನಿಂದ ಒಂದು ಸಣ್ಣ ದನಿ:

"ಮೈ ನೀವಿ ಸಾಕಿದ್ದು ಉಳುವೊಂದೇ ಅಲ್ಲವ್ವ
ನಿಮ್ಮನೆಗೆ ಬರುವೋಳ ಇದೇ ಕೈಲಿ ಸಾಕಿವ್ನಿ
ಉಣ್ಣೋ ಹೊತ್ತ ಮೀರಿಸಬ್ಯಾಡಿ."

ಸೊಸೆ ತಲೆ ತಗ್ಗಿಸಿರಲಿಲ್ಲ. ಮೊಮ್ಮಗಳು ತಗ್ಗಿಸಿದ್ದಳು, ಕಣ್ಣು ಒರೆಸಿಕೊಳ್ಳಲು. ಬೀಗಿತ್ತಿ ಎದ್ದು ಬಂದು ಸೊಸೆಯ ಎರಡೂ ಕೈ ಹಿಡಿದು, "ಮೀರ್ಸಾಕಿಲ್ಲ ಕನವ್ವ" ಎಂದರು.

ಊಟಕ್ಕೆ ಪಕ್ಕಪಕ್ಕ ಕೂತಾಗ ನಾನು ಕೇಳಿಯೇಬಿಟ್ಟೆ. "ಬೀಗಿತ್ತಿ, ಮಿಕ್ಕ ಪದವೆಲ್ಲ ನೀವ್ ಯಾವಾಗ ಕಟ್ಟೀರಿ?"

"ಬಸ್ಸಲ್ಲಿ ಕನವ್ವ. ಮಗಳ್ನ ಅಜ್ಜೀಪುರುಕ್ಕೆ ಕೊಟ್ಟಿವ್ನಲ್ಲ. ಯಳಂದೂರು ಬುಟ್ರೆ ಮೊದಲ್ನೇ ಸಾಲು. ಕೊಳ್ಳೇಗಾಲುದ್ ಸ್ಟ್ಯಾಂಡಲ್ಲಿ ನೂಕಾಟ, ಬೈಗುಳುದ್ ಸಾಲೆಲ್ಲ ಅಲ್ಲೇ ಸಿಕ್ತದೆ. ಅನೂರು ಬರಗಂಟ ಮುಗುದೋಯ್ತದೆ."

"ಮನೇಲಿ ಬಿಡುವಾಗಿ ಕೂತ್ರೆ?"

"ನಿದ್ದೆ ಬತ್ತದೆ!"

ಸೊಸೆಯ ಕಡೆ ತಿರುಗಿ ಅದನ್ನೇ ಕೇಳಿದೆ. ಅವಳು ಪಾಯಸ ಸುರಿದುಕೊಳ್ಳುತ್ತಾ, "ತಟ್ಟೆ ತೊಳೀವಾಗ" ಎಂದಳು. "ನೀವು ಬಿಸ್ಲು ಸಾಲ್ದು ಅಂತ ಕೂಗಾಡ್ತಿದ್ರಲ್ಲ, ಆಗ."