ಕೇಳಿದ್ದಕ್ಕಷ್ಟೇ ಉತ್ತರ

ಅಮೆರಿಕದ ನೌಕಾಪಡೆಯ ಆಫೀಸರ್ ಆಯ್ಕೆಯ ಸಂದರ್ಶನಕ್ಕೆ ನನ್ನನ್ನು ತಯಾರು ಮಾಡಿದವರು, ಫೆರಿ ಹತ್ತಿದರೂ ತಲೆ ಸುತ್ತಿ ಬೆಂಚು ಹುಡುಕುವ ನನ್ನ ಅಪ್ಪ.

ಅಪ್ಪನಿಗೆ ಸಂದರ್ಶನದ ವಿಷಯದಲ್ಲಿ ದೊಡ್ಡ ಹೆಸರಿತ್ತು. ನ್ಯೂಜೆರ್ಸಿಯ ಐಸೆಲಿನ್ ಸುತ್ತಮುತ್ತ ಯಾರ ಮನೆಗೆ ಅತ್ತೆ-ಮಾವ ಬರಬೇಕಿದ್ದರೂ, ಯಾರ ತಮ್ಮ ಎಂ.ಎಸ್. ಮಾಡಲು ಬರಬೇಕಿದ್ದರೂ, ವೀಸಾ ಇಂಟರ್‌ವ್ಯೂಗೆ ಮೊದಲು ನಮ್ಮ ಮನೆಗೆ ಫೋನ್ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಸ್ಪೀಕರ್ ಹಾಕಿಕೊಂಡು ಕೂತರೆ ಅಪ್ಪನೇ ಕಾನ್ಸುಲೇಟ್ ಆಫೀಸರ್. "ಮೊಮ್ಮಗೂನ ನೋಡೋ ಆಸೆ ಅಂತೆಲ್ಲಾ ಹೇಳ್ಬೇಡಿ ಅಮ್ಮಾ. ಎಷ್ಟು ದಿನ ಅಂದ್ರೆ ಎರಡು ತಿಂಗಳು, ಅಷ್ಟೇ. ಕೇಳಿದ್ದಕ್ಕಷ್ಟೇ ಉತ್ತರ!" ಎಂದು ಮೈಸೂರಿನ ಯಾವುದೋ ಅಜ್ಜಿಯನ್ನು ಗದರಿಸುವುದನ್ನು ಕೇಳುತ್ತಲೇ ನಾನು ಬೆಳೆದೆ. ಅವರೇ ಒಮ್ಮೆ ತಮ್ಮ ಕೆಲಸದ ವೀಸಾದ ಸ್ಟ್ಯಾಂಪಿಂಗ್‌ಗೆಂದು ಚೆನ್ನೈ ಕಾನ್ಸುಲೇಟಿಗೆ ಹೋಗಿ, ವೀಸಾ ಸಿಗದೆ ತಿಂಗಳುಗಟ್ಟಲೆ ಇಂಡಿಯಾದಲ್ಲೇ ಸಿಕ್ಕಿಕೊಂಡಿದ್ದರು. ಇಲ್ಲಿ ಅಮ್ಮನ ಜೊತೆ ಉಳಿದಿದ್ದ ನಾನಾಗ ಕಿಂಡರ್‌ಗಾರ್ಟನ್. ಈ ಪಾಂಡಿತ್ಯವೆಲ್ಲ ಆ ಪೆಟ್ಟು ತಿಂದ ಮೇಲೆ ಬಂದದ್ದು.

ಹೈಸ್ಕೂಲ್ ಮುಗಿಸಿ, ಕಾಲೇಜಿಗೆ ಬೆನ್ನು ತಿರುಗಿಸಿ ನಾನು ನೇವಿ ಸೇರಿದಾಗ ಅಪ್ಪ ವಾರವಿಡೀ ಮಾತು ಬಿಟ್ಟಿದ್ದರು. ಸೇರಿದ್ದು ಆಫೀಸರ್ ಆಗಿ ಅಲ್ಲ, ಸಾಮಾನ್ಯ ನಾವಿಕಳಾಗಿ. ಹಡಗಿನ ಅಣು ರಿಯಾಕ್ಟರ್ ನಡೆಸುವವರ ತರಬೇತಿಗೆ. ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಯಾರಾದರೂ ಅಂಕಲ್ "ಮಗಳು ಏನ್ಮಾಡ್ತಿದಾಳೆ?" ಎಂದು ಕೇಳಿದರೆ, "ನ್ಯೂಕ್ಲಿಯರ್ ಸೈಡಲ್ಲಿದಾಳೆ" ಎಂದಷ್ಟೇ ಹೇಳಿ ಅಪ್ಪ ಪುಳಿಯೋಗರೆಯ ಕಡೆ ತಿರುಗುತ್ತಿದ್ದರು. ಮಾತೇನೂ ಸುಳ್ಳಲ್ಲ. ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ದೇಶದ ದಕ್ಷಿಣದಲ್ಲಿ ತರಗತಿ, ಆಮೇಲೆ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ನಿಜವಾದ ರಿಯಾಕ್ಟರಿನ ಮುಂದೆ ಪಾಳಿ. ಒಂದು ದಿನ ತುರ್ತುಸ್ಥಿತಿಯ ಅಣಕು ಡ್ರಿಲ್ ನಡೆಯುತ್ತಿತ್ತು. ಅಲಾರಂಗಳು ಒಂದರ ಮೇಲೊಂದು ಕೂಗುತ್ತಿದ್ದವು, ನಾವೆಲ್ಲ ನಮ್ಮ ನಮ್ಮ ಪಂಪು, ವಾಲ್ವು ನೋಡಿಕೊಂಡು ವರದಿ ಒಪ್ಪಿಸುತ್ತಿದ್ದೆವು. ನಡುವೆ ನಿಂತಿದ್ದ ಆಫೀಸರ್ ನನಗಿಂತ ಹೆಚ್ಚೇನೂ ದೊಡ್ಡವಳಲ್ಲ. ಎಲ್ಲರ ಮಾತನ್ನೂ ಕೇಳಿಸಿಕೊಂಡು, ದನಿ ಏರಿಸದೆ, ನಾಲ್ಕೇ ಮಾತಿನಲ್ಲಿ ಎಲ್ಲವನ್ನೂ ತಹಬಂದಿಗೆ ತಂದಳು. ಆವತ್ತಿನಿಂದ ನನಗೆ ಆ ಜಾಗದ ಹುಚ್ಚು ಹಿಡಿಯಿತು. ನನ್ನ ವಾಲ್ವಿಗಷ್ಟೇ ಅಲ್ಲ, ಇಡೀ ತಂಡಕ್ಕೆ ಉತ್ತರ ಹೇಳುವವಳು ನಾನಾಗಬೇಕು ಅನ್ನಿಸಿತು.

ಅದಕ್ಕೊಂದು ದಾರಿಯಿತ್ತು. ನಮ್ಮಂಥವರಲ್ಲಿ ಕೆಲವರನ್ನು ಆರಿಸಿ, ಸಂಬಳ ಕೊಡುತ್ತಲೇ ಯೂನಿವರ್ಸಿಟಿಗೆ ಕಳುಹಿಸಿ, ಡಿಗ್ರಿ ಮುಗಿದ ಮೇಲೆ ಆಫೀಸರ್ ಮಾಡುತ್ತಾರೆ. ಈ ಸಲ ತಪ್ಪಿದರೆ ನಾನು ಹಡಗಿಗೆ ಹೋಗಬೇಕಿತ್ತು. ಅಲ್ಲಿಂದ ಮತ್ತೆ ಅರ್ಜಿ ಹಾಕುವುದು ಎಷ್ಟು ಕಷ್ಟವೆಂದು ಹಾಕಿ ಸೋತವರು ಹೇಳಿದ್ದರು. ಮೂವರು ಅಧಿಕಾರಿಗಳ ಸಂದರ್ಶನ ಎಂದು ಮನೆಯಲ್ಲಿ ಬಾಯಿ ತಪ್ಪಿ ಹೇಳಿದೆ. ಅಪ್ಪನ ಕಣ್ಣು ಹೊಳೆಯಿತು. ಕಡೆಗೂ ಮಗಳು ಅವರ ಇಲಾಖೆಗೆ ಬಂದಿದ್ದಳು.

ರಜೆಗೆ ಬಂದಾಗಲೆಲ್ಲ ಊಟದ ಮೇಜಿನಲ್ಲಿ ಪಾಠ. "ಜಾಸ್ತಿ ನಗ್ಬೇಡ. ಫೈಲ್ ರೆಡಿ ಇರ್ಲಿ, ಕೇಳೋವರ್ಗೂ ತೆಗೀಬೇಡ. ಸಿಗದಿದ್ರೂ ಪರ್ವಾಗಿಲ್ಲ ಅನ್ನೋ ತರ ಇರ್ಬೇಕು. ಆಸೆ ಇದೆ ಅಂತ ಗೊತ್ತಾದ್ರೆ ಅನುಮಾನ ಬರತ್ತೆ ಅವ್ರಿಗೆ."

"ಐ ನೋ, ಅಪ್ಪಾ."

"ಐ ನೋ ಅನ್ಬೇಡ. ಪ್ರಾಕ್ಟೀಸ್ ಮಾಡು."

ನಮ್ಮ ತರಬೇತಿಯಲ್ಲಿ ಇದಕ್ಕೆ ಪೂರಾ ಉಲ್ಟಾ. ಮೌಖಿಕ ಪರೀಕ್ಷೆಯಲ್ಲಿ ಗೊತ್ತಿರುವುದನ್ನೆಲ್ಲ ಹೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು. ಆದರೆ ಭಯವಾದಾಗ ನಾವೆಲ್ಲ ನಮ್ಮ ಮನೆಯ ಬುದ್ಧಿಯನ್ನೇ ಹಿಡಿದುಕೊಳ್ಳುತ್ತೇವೆ. ನನಗೆ ಸಿಕ್ಕಾಪಟ್ಟೆ ಭಯವಿತ್ತು.

ಸಂದರ್ಶನದ ದಿನ ಅಪ್ಪ ರಜೆ ಹಾಕಿ ನ್ಯೂಜೆರ್ಸಿಯಿಂದ ಡ್ರೈವ್ ಮಾಡಿಕೊಂಡು ಬಂದರು. ನೇವಿಯ ನೆಲೆಯೊಳಗೆ ಬಿಡುವುದಿಲ್ಲವಾದ್ದರಿಂದ ಗೇಟಿನಾಚೆಯ ಕಾಫಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾಯುತ್ತ ಕೂತರು.

ಒಳಗೆ ನಾನು ಮೈಸೂರಿನ ಆ ಅಜ್ಜಿಯ ಹಾಗೆ ಉತ್ತರ ಕೊಡುತ್ತಿದ್ದೆ. ಯಾಕೆ ಆಫೀಸರ್ ಆಗಬೇಕು? ಹೆಚ್ಚಿನ ಜವಾಬ್ದಾರಿಗೆ ಸಿದ್ಧಳಿದ್ದೇನೆ, ಮ್ಯಾಮ್. ಆಯ್ಕೆಯಾಗದಿದ್ದರೆ? ಹಡಗಿಗೆ ಹೋಗುತ್ತೇನೆ, ಸರ್. ಬೇಸರವಾಗುವುದಿಲ್ಲವೇ? ಇಲ್ಲ, ಸರ್. ಒಂದೊಂದು ಉತ್ತರಕ್ಕೂ ಕೋಣೆ ಇನ್ನಷ್ಟು ತಣ್ಣಗಾಗುತ್ತಿತ್ತು.

ನಡುವೆ ಕೂತಿದ್ದ ನರೆಗೂದಲಿನ ಮಹಿಳಾ ಅಧಿಕಾರಿ ಪೆನ್ನು ಕೆಳಗಿಟ್ಟರು. "ನಿನ್ನ ಅಂಕಗಳು ಚೆನ್ನಾಗಿವೆ. ಆದರೆ ನಿನ್ನ ಮಾತು ಕೇಳಿದರೆ ಯಾರೋ ಬಲವಂತವಾಗಿ ಕಳುಹಿಸಿದ ಹಾಗಿದೆ. ನಿಜ ಹೇಳು, ಇದು ನಿನಗೆ ಬೇಕೇ?"

ಬೇರೆಯವರ ಮನೆಯಲ್ಲಿ ಕಾಫಿ ಕೊಟ್ಟರೂ ಎರಡು ಸಲ ಬೇಡ ಅಂದ ಮೇಲೆಯೇ ಕೈ ಚಾಚುವ ಜನ ನಾವು. ಹೊರಗಿನವರ ಮುಂದೆ ಬೇಕು ಎಂದು ಬಾಯಿಬಿಟ್ಟು ಹೇಳಿದ ನೆನಪು ನನಗಿರಲಿಲ್ಲ.

"ಬೇಕು ಮ್ಯಾಮ್," ಎಂದೆ. "ತುಂಬಾ ಬೇಕು."

ಆಮೇಲೆ ಕಟ್ಟೆ ಒಡೆಯಿತು. ಆ ಡ್ರಿಲ್, ಆ ಹುಡುಗಿ, ನಾಲ್ಕು ಮಾತು, ನನ್ನ ಹುಚ್ಚು, ಎಲ್ಲವನ್ನೂ ಹೇಳಿದೆ. ಅವರು ಕೈ ಎತ್ತಿ ಸಾಕು ಅನ್ನುವವರೆಗೆ ಹೇಳಿದೆ.

ಕಾರಿನಲ್ಲಿ ಕೂರುತ್ತಿದ್ದ ಹಾಗೆ ಅಪ್ಪ, "ಏನೇನ್ ಕೇಳಿದ್ರು?" ಎಂದರು. ಎಲ್ಲ ಒಪ್ಪಿಸಿದೆ.

"ಅಯ್ಯೋ, ಬಾಯ್ಬಿಟ್ಟು ಹೇಳ್ಬಿಟ್ಯಾ? ಹೋಯ್ತು ಬಿಡು."

"ಅಪ್ಪಾ, ದಿಸ್ ಈಸ್ ನಾಟ್ ಎ ವೀಸಾ!" ಎಂದು ಕೂಗಿಬಿಟ್ಟೆ. ಅವರು ಚಿತ್ರಾನ್ನದ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, ನಾನು ಇಳಿದ ಮೇಲೆ ಮನೆಗೆ ಹೊರಟುಹೋದರು.

ಫಲಿತಾಂಶಕ್ಕೆ ತಿಂಗಳುಗಳೇ ಹಿಡಿದವು. ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ಶನಿವಾರದ ಫೋನುಗಳನ್ನೂ ಎತ್ತುತ್ತಿಲ್ಲ ಎಂದು ಅಮ್ಮ ಹೇಳಿದಳು. ಅವರ ಭಯ ನನಗೂ ಅಂಟಿತು. ಅವರು ಹೇಳಿದ್ದೇ ಸರಿಯಿತ್ತೇನೋ, ಕೈಗೆ ಬಂದದ್ದನ್ನು ಬಾಯಿಬಡುಕತನದಿಂದ ಕಳೆದುಕೊಂಡೆನೇನೋ ಎಂದು ಪಾಳಿ ಮುಗಿಸಿ ಬಂದು ಅಳುತ್ತಿದ್ದೆ.

ಕಡೆಗೆ ಆಯ್ಕೆಯಾದವರ ಹೆಸರು ಬಂತು. ನನ್ನದೂ ಇತ್ತು. ಮನೆಗೆ ಫೋನ್ ಮಾಡಿದಾಗ ಅಮ್ಮ ಕಿರುಚಿ, ಅತ್ತು, ದೇವರ ಮನೆಗೆ ಓಡಿದಳು. ಅಪ್ಪ ಫೋನ್ ತೆಗೆದುಕೊಂಡರು.

"ಬೇಕು ಅಂತ ಹೇಳಿದ್ಮೇಲೂ ಕೊಟ್ರಾ?"

"ಕೊಟ್ರು ಅಪ್ಪಾ. ಅದಕ್ಕೇ ಕೊಟ್ರು ಅನ್ಸತ್ತೆ."

ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು. ಅವರಿಗೆ ಖುಷಿಯಾಗಲಿಲ್ಲವೇನೋ ಎಂದುಕೊಂಡೆ.

"ಚೆನ್ನೈಲಿ ನನ್ನೂ ಕೇಳಿದ್ರು ಕಣೇ, ಅಮೆರಿಕಾಗೆ ವಾಪಸ್ ಯಾಕೆ ಹೋಗ್ಬೇಕು ಅಂತ," ಎಂದರು ಅಪ್ಪ. "ಪ್ರಾಜೆಕ್ಟ್ ಇದೆ ಅಂದೆ. ಮನೇಲಿ ಮಗು ಕಾಯ್ತಿದೆ ಅನ್ನಲೇ ಇಲ್ಲ."